ಎಂಬತ್ತನೇ ಪುಟದಲ್ಲಿ ನಿಂತ ಕಾದಂಬರಿಗಳು

ಪ್ರಶ್ನೆ: ನಾನು ಡೊಂಬಿವಲಿಯವನು, ಕೆಲಸ ಮುಂಬಯಿಯ ಫೋರ್ಟ್‌ನಲ್ಲಿ. ಕಾಲೇಜಿನ ದಿನಗಳಲ್ಲಿ ಭೈರಪ್ಪ, ತೇಜಸ್ವಿ, ಚಿತ್ತಾಲರನ್ನು ಓದಿದ್ದೆ. ಆಮೇಲೆ ಇಂಗ್ಲಿಷ್ ಥ್ರಿಲ್ಲರ್ ಬಿಟ್ಟರೆ ಬೇರೇನೂ ಇಲ್ಲ. ಈಗ ನಾವು ಎಂಟು ಜನ ತಿಂಗಳಿಗೊಮ್ಮೆ ಸೇರಿ ಈಚಿನ ಕನ್ನಡ ಕಾದಂಬರಿ ಓದೋಣ ಎಂದುಕೊಂಡಿದ್ದೇವೆ. ಬೆಂಗಳೂರಿನಿಂದ ತರಿಸಿದ ‘ಸ್ವಪ್ನ ಸಾರಸ್ವತ’, ‘ತೇಜೋ ತುಂಗಭದ್ರಾ’, ‘ಯಾನ’ ಮೂರೂ ಎಂಬತ್ತು–ನೂರು ಪುಟಕ್ಕೆ ನಿಂತುಬಿಟ್ಟಿವೆ. ತಪ್ಪು ನನ್ನದೋ, ಪುಸ್ತಕದ್ದೋ? ಚರಿತ್ರೆ, ಪತ್ತೇದಾರಿ, ವಿಜ್ಞಾನ, ಸಂಸಾರ, ಯಾವುದಾದರೂ ಸರಿ. ಯಾವುದನ್ನು ಓದಬೇಕು, ಯಾವುದನ್ನು ಬಿಡಬಹುದು ಎಂದು ನೇರವಾಗಿ ಹೇಳಿ. ಇಲ್ಲೇ ಹುಟ್ಟಿ ಬೆಳೆದ ಮಗಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವುದು ಮಾತ್ರ ನಿಧಾನ. ಅವಳಿಗೂ ಏನಾದರೂ ಸೂಚಿಸಿ.

ಉತ್ತರ:

ತಪ್ಪು ಅರ್ಧ ನಿಮ್ಮದು, ಅರ್ಧ ಪುಸ್ತಕದ್ದು. ಆದರೆ ಮೂರೂ ಒಂದೇ ಕಾರಣಕ್ಕೆ ನಿಂತಿಲ್ಲ. ‘ಸ್ವಪ್ನ ಸಾರಸ್ವತ’ ಓದುವವರಿಂದ ಹೆಸರುಗಳ ನೆನಪನ್ನು ಬೇಡುತ್ತದೆ. ‘ತೇಜೋ ತುಂಗಭದ್ರಾ’ ಇಸವಿಗಳ ನೆನಪನ್ನು. ‘ಯಾನ’ಕ್ಕೆ ಬೇಕಾದದ್ದು ಬರೀ ತಾಳ್ಮೆ. ಚರಿತ್ರೆ, ಪತ್ತೇದಾರಿ, ವಿಜ್ಞಾನ ಎಂಬ ಹಣೆಪಟ್ಟಿ ನೋಡಿ ತರಿಸಿದರೆ ಇದು ಗೊತ್ತಾಗುವುದಿಲ್ಲ. ಈ ಹದಿನೈದು ವರ್ಷಗಳ ಕನ್ನಡ ಕಾದಂಬರಿಗಳನ್ನು ಒಟ್ಟಿಗಿಟ್ಟು ನೋಡಿದರೆ, ಪ್ರಕಾರ ಯಾವುದೇ ಇರಲಿ, ಹೆಚ್ಚಿನವಕ್ಕೆ ಕಾಯಿಲೆ ಒಂದೇ. ಬರೆಯುವವರು ಊರೂರು ಅಲೆದು, ದಫ್ತರ ಜಾಲಾಡಿ ರಾಶಿ ಮಾಹಿತಿ ಕೂಡಿಹಾಕುತ್ತಾರೆ. ಅದರಲ್ಲಿ ಮೂರನೇ ಒಂದು ಪಾಲು ಕಿತ್ತುಹಾಕಿ ಎನ್ನುವವರು ಪಕ್ಕದಲ್ಲಿ ಇರುವುದಿಲ್ಲ. ಕರಡು ತಿದ್ದುವವರು ಕಾಗುಣಿತ ನೋಡುತ್ತಾರೆ, ಅಲ್ಲಿಗೆ ಮುಗಿಯಿತು. ಹಾಗಾಗಿ ಒಳ್ಳೆಯ ಕಾದಂಬರಿಯಲ್ಲೂ ಮೊದಲ ಅರವತ್ತು–ನೂರು ಪುಟ ಹಿನ್ನೆಲೆ ಹೇಳುವುದಕ್ಕೇ ಹೋಗುತ್ತದೆ, ಕಥೆ ಕಾಲೂರುವುದು ಅದಾದ ಮೇಲೆ. ನೀವು ನಿಂತದ್ದು ಸರಿಯಾಗಿ ಆ ಗಡಿಯಲ್ಲಿ.

ಇದಕ್ಕೆ ಲೋಕಲ್ ಗಾಡಿಯೂ ಸೇರಿಕೊಂಡಿದೆ. ಡೆಮಿ ಅಳತೆಯ, ಅಂದರೆ ಸಾಮಾನ್ಯ ಕಾದಂಬರಿಯ ಗಾತ್ರದ, ಒಂದು ಪುಟದಲ್ಲಿ ಸುಮಾರು 30 ಸಾಲು, 200–230 ಪದ ಇರುತ್ತವೆ. ಕನ್ನಡ ಓದಿನ ಅಭ್ಯಾಸ ತಪ್ಪಿದವರಿಗೆ ಪುಟಕ್ಕೆ ಎರಡರಿಂದ ಎರಡೂವರೆ ನಿಮಿಷ ಬೇಕು. ಡೊಂಬಿವಲಿಯಿಂದ ಫೋರ್ಟ್ ಬಳಿಯ ಸಿಎಸ್‌ಎಂಟಿ ಸ್ಟೇಶನ್ನಿಗೆ ಒಂದೂಕಾಲು ಗಂಟೆ ಹಿಡಿದರೂ, ಕಿಟಕಿ ಪಕ್ಕದ ಸೀಟು ಸಿಕ್ಕ ದಿನ ಆಗುವುದು 25–30 ಪುಟ. ಫೋರ್ತ್ ಸೀಟಿನ ತುದಿಯಲ್ಲಿ, ಮೂವರ ಬೆಂಚಿಗೆ ನಾಲ್ಕನೆಯವರಾಗಿ, ಕೂತರೆ ಹದಿನೈದು. ನಿಂತರೆ ಸೊನ್ನೆ. ಇನ್ನು ತೂಕ: 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದದ 450 ಪುಟದ ಡೆಮಿ ಪುಸ್ತಕ ಅರ್ಧ ಕೆಜಿಗೆ ಹತ್ತಿರ, ಸಾವಿರ ಪುಟದ್ದು ಒಂದು ಕೆಜಿ ಮೀರುತ್ತದೆ. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಅದು, ನಡೆಯುವ ಮಾತಲ್ಲ. ದೊಡ್ಡ ಕಾದಂಬರಿಯ ಮೊದಲ ನೂರು ಪುಟವನ್ನು ರಜೆಯ ದಿನ ಮನೆಯಲ್ಲಿ ಎರಡು ಬೈಠಕ್‌ನಲ್ಲಿ ಮುಗಿಸಿ. ಪಾತ್ರಗಳ ಪರಿಚಯವಾದ ಮೇಲೆ ಅದನ್ನು ಗಾಡಿಗೆ ಒಯ್ಯಿರಿ. ನೀವು ಮಾಡಿದ್ದು ಇದರ ಉಲ್ಟಾ ಇರಬೇಕು.

ಈಗ ಆ ಮೂರು ಪುಸ್ತಕ.

ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ 2011ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟು ದಕ್ಷಿಣಕ್ಕೆ ಸರಿದ ಸಾರಸ್ವತರ ಹಲವು ತಲೆಮಾರುಗಳ ಕಥೆ. ಇದರಲ್ಲಿ ನಾಯಕ ಎಂಬವನಿಲ್ಲ, ವಲಸೆಯೇ ನಾಯಕ. ಒಬ್ಬ ವ್ಯಕ್ತಿಯ ಬೆನ್ನು ಹತ್ತಿ ಓದುವ ಅಭ್ಯಾಸದವರಿಗೆ ಇದು ಜಾರುತ್ತದೆ. ಉಪಾಯ ಸರಳ: ಎ4 ಹಾಳೆಯನ್ನು ಅಡ್ಡಕ್ಕೆ ಮಡಚಿ ವಂಶವೃಕ್ಷ ಬರೆಯುತ್ತ ಹೋಗಿ. ಕೊಂಕಣಿ ಮನೆಗಳಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುವ ರೂಢಿ ಇದೆಯಲ್ಲ, ಅದಕ್ಕೇ ಪ್ರತಿ ಹೆಸರಿನ ಮುಂದೆ ತಲೆಮಾರಿನ ಸಂಖ್ಯೆ ಹಾಕಿ; ಇಲ್ಲದಿದ್ದರೆ ಮಧ್ಯದಲ್ಲಿ ಅಜ್ಜ ಯಾರು, ಮೊಮ್ಮಗ ಯಾರು ಎಂದು ಹಿಂದಿನ ಪುಟಗಳನ್ನು ಹುಡುಕುತ್ತ ಕೂರಬೇಕಾಗುತ್ತದೆ. ಮುಂಬಯಿಯವರಿಗೆ ಇನ್ನೊಂದು ಅನುಕೂಲ ಇದೆ. ಗೋವೆಗೆ ಹೇಗೂ ಹೋಗುತ್ತೀರಿ. ಫೋಂಡಾ ಸುತ್ತಲಿನ ದೇವಸ್ಥಾನಗಳನ್ನು ಈ ಕಾದಂಬರಿ ತಲೆಯಲ್ಲಿಟ್ಟುಕೊಂಡು ನೋಡಿ: ಮಂಗೇಶಿ ಮೊದಲಿದ್ದದ್ದು ಕುಶಸ್ಥಳಿಯಲ್ಲಿ, ಅಂದರೆ ಇಂದಿನ ಕೊರ್ತಾಲಿಯಲ್ಲಿ, 1560ರಲ್ಲಿ ಪ್ರಿಯೋಳಕ್ಕೆ ಬಂತು. ಕವಳೆಯ ಶಾಂತಾದುರ್ಗೆ ಕೇಳೋಶಿಯಿಂದ, ಮಾರ್ದೋಳದ ಮ್ಹಾಳಸೆ ವೆರ್ಣೆಯಿಂದ ಬಂದವರು. ಗೋವೆಯಲ್ಲಿ ಇನ್‌ಕ್ವಿಸಿಷನ್, ಅಂದರೆ ಮತದ್ರೋಹದ ವಿಚಾರಣೆ ನಡೆಸುವ ಇಗರ್ಜಿಯ ನ್ಯಾಯಮಂಡಳಿ, ಶುರುವಾದದ್ದೂ 1560ರಲ್ಲೇ. ದೇವರೇ ಹೊಳೆ ದಾಟಿ ಬಿಡಾರ ಬದಲಿಸಿದ ಸೀಮೆ ಅದು ಎಂದು ತಿಳಿದರೆ, ಕಾದಂಬರಿಯ ಮಂದಿ ಯಾಕೆ ಒಂದೂರಲ್ಲಿ ನಿಲ್ಲುವುದಿಲ್ಲ ಎಂಬುದು ಬಿಡಿಸಿ ಹೇಳದೆ ಅರ್ಥವಾಗುತ್ತದೆ. ಇದನ್ನು ಮುಗಿಸಿ. ಮಾಹಿತಿಯ ಭಾರ ಇದ್ದರೂ ಹೊರಲು ತಕ್ಕದ್ದು.

ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ನಿಂತದ್ದು ಬೇರೆ ಕಾರಣಕ್ಕೆ. ಒಂದು ಎಳೆ ಲಿಸ್ಬನ್ನಿನ ತೇಜೋ ನದಿಯ ದಡದಲ್ಲಿ, ಇನ್ನೊಂದು ವಿಜಯನಗರ ಸೀಮೆಯ ತುಂಗಭದ್ರೆಯ ದಡದ ತೆಂಬಕಪುರದಲ್ಲಿ. ಒಂದು ದಡಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಕಥೆ ಇನ್ನೊಂದಕ್ಕೆ ಹಾರುತ್ತದೆ. ದಿನಕ್ಕೆ ಹದಿನೈದು ಪುಟ ಓದಿದರೆ ಲಿಸ್ಬನ್ನಿಗೆ ಮರಳುವ ಹೊತ್ತಿಗೆ ಅಲ್ಲಿಯ ಜನ ಮರೆತುಹೋಗಿರುತ್ತಾರೆ. ಆದ್ದರಿಂದ ಇಲ್ಲಿ ಪುಟದ ಲೆಕ್ಕ ಬಿಟ್ಟು, ಎಳೆ ಬದಲಾಗುವ ಜಾಗದಲ್ಲೇ ನಿಲ್ಲಿಸಬೇಕು. ಪುಸ್ತಕದೊಳಗೆ ಇಡುವ ಚೀಟಿಯ ಮೇಲೆ ಆರು ಇಸವಿ ಬರೆದುಕೊಳ್ಳಿ: 1492, ಸ್ಪೇನ್ ಯಹೂದಿಗಳನ್ನು ಹೊರಗಟ್ಟಿದ್ದು; 1497, ಪೋರ್ಚುಗಲ್ಲಿನಲ್ಲಿ ಬಲವಂತದ ಮತಾಂತರ; 1498, ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು; 1506, ಲಿಸ್ಬನ್ನಿನಲ್ಲಿ ಮತಾಂತರಗೊಂಡ ಯಹೂದಿಗಳ ಹತ್ಯಾಕಾಂಡ; 1509, ಕೃಷ್ಣದೇವರಾಯನ ಪಟ್ಟ; 1510, ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್ ಗೋವೆ ಹಿಡಿದದ್ದು. ಈ ಆರು ಗೊತ್ತಿದ್ದರೆ ಯಾರ ಹೆದರಿಕೆ ಯಾತಕ್ಕೆ ಎಂಬುದು ತಾನಾಗಿ ತಿಳಿಯುತ್ತದೆ.

ಈ ಕಾದಂಬರಿಯ ನಿಜವಾದ ಬಲ ಅದು ರಾಜನನ್ನು ದೂರ ಇಟ್ಟದ್ದು. ಕನ್ನಡದಲ್ಲಿ ವಿಜಯನಗರ ಎಂದರೆ ಆಸ್ಥಾನ, ರತ್ನ, ಕವಿಗಳು ಎಂದೇ ಬರೆದು ರೂಢಿ. ಇಲ್ಲಿ ಹೊಳೆದಂಡೆಯ ಸಾಮಾನ್ಯರು, ಒಡೆಯನಿಗಾಗಿ ಪ್ರಾಣ ಕೊಡುವ ವ್ರತ ತೊಟ್ಟ ಲೆಂಕರು, ಊರಿನ ಮರ್ಯಾದೆಯ ಹೆಸರಿನಲ್ಲಿ ಬೇಯುವ ಹೆಂಗಸರು ಮುಂದೆ ನಿಲ್ಲುತ್ತಾರೆ. ದೋಷವೂ ಇದೆ. ಕ್ರೌರ್ಯದ ದೃಶ್ಯಗಳು ಒಂದರ ಬೆನ್ನಿಗೆ ಒಂದು ಬಂದಾಗ ನಾಲ್ಕನೆಯದಕ್ಕೆ ಓದುಗನ ಮನಸ್ಸು ಮರಗಟ್ಟುತ್ತದೆ, ಮೊದಲನೆಯದಕ್ಕಿದ್ದ ಪೆಟ್ಟು ಅದಕ್ಕೆ ಇರುವುದಿಲ್ಲ. ಆದರೂ ಈ ದಶಕದ ಚಾರಿತ್ರಿಕ ಕಾದಂಬರಿಗಳಲ್ಲಿ ನಾನು ಮೊದಲು ಕೈಗೆ ಕೊಡುವುದು ಇದನ್ನೇ. ಕೊಂಕಣ ರೈಲಿನಲ್ಲಿ ಕರಮಳಿ ಸ್ಟೇಶನ್ನಿನಲ್ಲಿ ಇಳಿದರೆ ಹಳೆ ಗೋವಾ ಹತ್ತಿರ. ಸಂತ ಕೈತಾನೊ ಇಗರ್ಜಿಯ ಬಳಿ ಬಿಜಾಪುರದ ಆದಿಲ್‌ಶಾಹಿ ಅರಮನೆಯ ಹೆಬ್ಬಾಗಿಲ ಕಲ್ಲು ಕಂಬಗಳು ಇನ್ನೂ ಇವೆ. 1510ಕ್ಕೆ ಮುಂಚೆ ಆ ಊರು ಯಾರದಾಗಿತ್ತು ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಅದು.

‘ಯಾನ’ವನ್ನು ಬಿಟ್ಟರೂ ನಷ್ಟವಿಲ್ಲ. 2014ರಲ್ಲಿ ಬಂದ ಭೈರಪ್ಪನವರ ಈ ಕಾದಂಬರಿಯ ಪ್ರಶ್ನೆ ದೊಡ್ಡದು: ಅಂತರಿಕ್ಷ ನೌಕೆಯಲ್ಲೇ ಹುಟ್ಟಿ ಭೂಮಿಯನ್ನು ಕಣ್ಣಲ್ಲಿ ಕಂಡೇ ಇರದ ಆಕಾಶ್, ಮೇದಿನಿ ಎಂಬ ಮಕ್ಕಳ ಬದುಕನ್ನು ಅವರು ಹುಟ್ಟುವ ಮೊದಲೇ ನಿರ್ಧರಿಸುವ ಹಕ್ಕು ಯಾರಿಗಿದೆ? ಈ ಪ್ರಶ್ನೆ ಬಂದಾಗಲೆಲ್ಲ ಬರವಣಿಗೆ ಏರುತ್ತದೆ. ನಡುನಡುವೆ ಭೌತಶಾಸ್ತ್ರವನ್ನು ಮಾತಿನ ರೂಪದಲ್ಲಿ ವಿವರಿಸುವಾಗ ಕುಸಿಯುತ್ತದೆ. ಎಲ್ಲ ಕಾದಂಬರಿಗೂ ಹೊಂದುವ ಒಂದು ಸೂತ್ರ ಹೇಳುತ್ತೇನೆ. ಇಬ್ಬರಿಗೂ ಗೊತ್ತಿರಬೇಕಾದ ವಿಷಯವನ್ನು ಒಬ್ಬರು ಇನ್ನೊಬ್ಬರಿಗೆ ಎರಡು ಪುಟ ವಿವರಿಸಿದರೆ ಆ ಮಾತು ಪಾತ್ರದ್ದಲ್ಲ, ಟಿಪ್ಪಣಿ ಪುಸ್ತಕದ್ದು. ಅಂಥ ಪುಟಗಳ ಮೊದಲ ಸಾಲು, ಕೊನೆಯ ಸಾಲು ಓದಿ ಮುಂದೆ ಹೋಗಿ. ‘ಯಾನ’ವನ್ನು ಹೀಗೆ ಓದಿದರೆ ಮುಗಿಯುತ್ತದೆ. ಭೈರಪ್ಪನವರನ್ನೇ ಮತ್ತೆ ಓದಬೇಕೆನಿಸಿದರೆ ಸೀತೆಯ ಕಡೆಯಿಂದ ರಾಮಾಯಣ ಹೇಳುವ, ಅವರ ಕೊನೆಯ ಕಾದಂಬರಿ ‘ಉತ್ತರಕಾಂಡ’ (2017) ಹೆಚ್ಚು ನೇರ. ಕಥೆ ಮೊದಲೇ ಗೊತ್ತಿರುವುದರಿಂದ ಹೆಸರಿನ ಹೊರೆ ಇಲ್ಲ, ಗಾಡಿಗೂ ಸರಿ.

ಚರಿತ್ರೆಯ ವಿಭಾಗದಲ್ಲಿ ನಿಮ್ಮ ಗುಂಪಿಗೆ ಹೇಳಿಮಾಡಿಸಿದ ಒಂದು ಜೋಡಿ ಇದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ ಆಳಿದವಳು. ಪೋರ್ಚುಗೀಸರು ಅವಳನ್ನು ಕರೆದದ್ದೇ ಕಾಳುಮೆಣಸಿನ ರಾಣಿ ಎಂದು. ಅವಳ ಮೇಲೆ ಗಜಾನನ ಶರ್ಮರ ‘ಚೆನ್ನಭೈರಾದೇವಿ’ ಇದೆ, ಕೆ.ಎನ್. ಗಣೇಶಯ್ಯನವರ ‘ಬಳ್ಳಿಕಾಳ ಬೆಳ್ಳಿ’ಯೂ ಇದೆ. ನಾಲ್ಕು ಜನ ಒಂದನ್ನು, ನಾಲ್ಕು ಜನ ಇನ್ನೊಂದನ್ನು ಓದಿ ಬನ್ನಿ. ಶರ್ಮರಲ್ಲಿ ರಾಣಿಯ ಒಳಗಿನ ಹೆಂಗಸು ಕಾಣುತ್ತಾಳೆ, ಆದರೆ ಅವಳ ಬಗ್ಗೆ ಲೇಖಕರಿಗಿರುವ ಭಕ್ತಿ ಕೆಲವು ಕಡೆ ಅಡ್ಡ ಬರುತ್ತದೆ. ಗಣೇಶಯ್ಯನವರಲ್ಲಿ ಪುರಾವೆ, ವ್ಯಾಪಾರ, ರಾಜಕೀಯದ ಲೆಕ್ಕಾಚಾರ ಬಿಗಿಯಾಗಿದೆ. ಮನುಷ್ಯರು ತುಸು ತೆಳು. ಒಂದೇ ದಾಖಲೆಯಿಂದ ಇಬ್ಬರು ಎರಡು ತೀರ್ಮಾನಕ್ಕೆ ಬಂದ ಜಾಗಗಳನ್ನು ಗುರುತು ಹಾಕಿಕೊಂಡು ಬಂದರೆ ಎರಡು ಗಂಟೆ ಸಾಲುವುದಿಲ್ಲ.

ಶರ್ಮರ ಕಾದಂಬರಿಗಳಲ್ಲಿ ನನ್ನ ಆಯ್ಕೆ ಮಾತ್ರ ‘ಪುನರ್ವಸು’. ಶರಾವತಿಗೆ ಅಡ್ಡಲಾಗಿ ಹಿರೇಭಾಸ್ಕರ ಅಣೆಕಟ್ಟು ಎದ್ದಾಗ ಮುಳುಗಿದ ಭಾರಂಗಿ ಸೀಮೆಯ ಕಥೆ ಇದು. 1964ರಲ್ಲಿ ಲಿಂಗನಮಕ್ಕಿ ತುಂಬಿದ ಮೇಲೆ ಆ ಹಳೆಯ ಅಣೆಕಟ್ಟೂ ನೀರೊಳಗೆ ಹೋಯಿತು. ಬರೆದವರು ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರಾಗಿದ್ದವರು, ಹಾಗಾಗಿ ಮುಳುಗಡೆಯವರ ಅಳಲಿನ ಪಕ್ಕದಲ್ಲೇ ಅಣೆಕಟ್ಟು ಕಟ್ಟುವವರ ಕನಸಿಗೂ ಜಾಗ ಸಿಕ್ಕಿದೆ. ಖಳನಾಯಕನೊಬ್ಬನನ್ನು ನಿಲ್ಲಿಸಿ ಕೈತೊಳೆದುಕೊಳ್ಳುವ ಸುಲಭದ ದಾರಿ ಹಿಡಿದಿಲ್ಲ. ಹವ್ಯಕರ ಆಡುಮಾತು ಇದೆ. ಉತ್ತರ ಕರ್ನಾಟಕದವರಿಗೆ, ಮಂಗಳೂರು ಕಡೆಯವರಿಗೆ ಮೊದಲ ಮೂವತ್ತು ಪುಟ ತಡವರಿಕೆಯಾಗುತ್ತದೆ. ಸಂಭಾಷಣೆಯನ್ನು ಬಾಯಿಬಿಟ್ಟು ಓದಿ, ಕಣ್ಣಿಗೆ ಸಿಗದಿದ್ದದ್ದು ಕಿವಿಗೆ ಸಿಗುತ್ತದೆ.

ಬೋಳುವಾರು ಮಹಮದ್ ಕುಂಞಿಯವರ ‘ಸ್ವಾತಂತ್ರ್ಯದ ಓಟ’ಕ್ಕೆ 2016ರ ಅಕಾಡೆಮಿ ಪ್ರಶಸ್ತಿ ಬಂದಿದೆ. ಸಾವಿರ ಪುಟ ಮೀರಿದ ಗ್ರಂಥ, ಮುತ್ತುಪ್ಪಾಡಿ ಎಂಬ ಊರಿನ ಮೂಲಕ ದೇಶದ ಕಥೆ. ನಗಿಸುತ್ತ ನಗಿಸುತ್ತ ಗಂಟಲು ಕಟ್ಟಿಸುವ ಶೈಲಿ. ಗುಂಪಿನ ಓದಿಗೆ ಮೊದಲ ವರ್ಷವೇ ತೆಗೆದುಕೊಳ್ಳಬೇಡಿ. ಮಳೆಗಾಲದಲ್ಲಿ ಮನೆಯಲ್ಲಿ ಕೂತು ಒಬ್ಬರೇ ಓದುವ ಪುಸ್ತಕ ಅದು.

ಇನ್ನು ಪತ್ತೇದಾರಿ. ಇಂಗ್ಲಿಷ್ ಥ್ರಿಲ್ಲರ್ ಓದಿ ಬಂದವರಿಗೆ ಇಲ್ಲಿ ನಿರಾಸೆಯಾಗುವ ಸಂಭವ ಹೆಚ್ಚು, ಕಾರಣ ಗೊತ್ತಿರಲಿ. ನಮ್ಮ ಅಪರಾಧ ಕಾದಂಬರಿಗಳಲ್ಲಿ ತನಿಖೆಯ ಕೆಲಸವೇ ಕಡಿಮೆ. ಎಫ್‌ಐಆರ್, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಫೋನ್ ಕರೆಗಳ ದಾಖಲೆ ಇವೆಲ್ಲ ಒಂದು ಸಾಲಿನಲ್ಲಿ ಹಾದುಹೋಗುತ್ತವೆ. ಸುಳಿವು ಆಕಸ್ಮಿಕವಾಗಿ ಕೈಗೆ ಬೀಳುತ್ತದೆ. ಕೊನೆಗೆ ಅಪರಾಧಿಯೇ ಕೂತು ಹತ್ತು ಹನ್ನೆರಡು ಪುಟ ಎಲ್ಲವನ್ನೂ ಒಪ್ಪಿಸುತ್ತಾನೆ. ಕೊಲೆ ಮಾಡಿದವನು ಅಷ್ಟು ಮಾತುಗಾರನಾದರೆ ಪತ್ತೇದಾರ ಯಾಕೆ ಬೇಕು? ಈ ಕೊರತೆಯನ್ನು ಬೇರೆ ದಾರಿಯಲ್ಲಿ ತುಂಬಿದವರು ಗಣೇಶಯ್ಯ. ಅವರು ಕೃಷಿ ವಿಜ್ಞಾನಿ. ಅವರ ಕಾದಂಬರಿಗಳಲ್ಲಿ ಪತ್ತೆಯಾಗಬೇಕಾದದ್ದು ಕೊಲೆಗಾರನಿಗಿಂತ ಹೆಚ್ಚಾಗಿ ಚರಿತ್ರೆಯ ಒಂದು ಗಂಟು. ‘ಕರಿಸಿರಿಯಾನ’ದಿಂದ ಶುರು ಮಾಡಿ. 1565ರ ಯುದ್ಧದಲ್ಲಿ ಸೋತ ಮೇಲೆ ವಿಜಯನಗರದಿಂದ ಆನೆಗಳ ಮೇಲೆ ಸಾಗಿಸಿದರೆನ್ನುವ ಸಂಪತ್ತು ಎಲ್ಲಿಗೆ ಹೋಯಿತು ಎಂಬುದು ಅದರ ಗಂಟು. ಅಡಿಟಿಪ್ಪಣಿ, ಚಿತ್ರ ಎಲ್ಲ ಇರುತ್ತವೆ. ಅವನ್ನು ಅಧ್ಯಾಯ ಮುಗಿದ ಮೇಲೆ ಒಟ್ಟಿಗೆ ನೋಡಿ. ನಡುವೆ ಫೋನ್ ತೆಗೆದು ನಿಜವೋ ಸುಳ್ಳೋ ಎಂದು ಹುಡುಕಲು ಹೋದರೆ ಓಟ ಹೋಯಿತು. ಒಂದಾದ ಮೇಲೆ ಒಂದರಂತೆ ಅವರ ಮೂರು ಕಾದಂಬರಿ ಓದಬೇಡಿ, ಅಚ್ಚು ಗೊತ್ತಾಗಿಬಿಡುತ್ತದೆ. ನಡುವೆ ತಿಂಗಳೆರಡು ತಿಂಗಳು ಬಿಡಿ.

ಮೈಸೂರಿನ ಅನುಷ್ ಶೆಟ್ಟಿಯವರ ‘ನೀನು ನಿನ್ನೊಳಗೆ ಖೈದಿ’, ‘ಹುಲಿ ಪತ್ರಿಕೆ’ ಫೋರ್ತ್ ಸೀಟಿನಲ್ಲೂ ಓದಿಸಿಕೊಳ್ಳುತ್ತವೆ. ಭಾಷೆ ಹಗುರ, ಅಧ್ಯಾಯ ಚಿಕ್ಕವು. ಎರಡನೇ ಸಲ ಓದುವಂಥವು ಎಂದು ಹೇಳಲಾರೆ, ಆದರೆ ಓದಿನ ಅಭ್ಯಾಸ ಮರಳಿ ಹತ್ತಿಸುವುದಕ್ಕೆ ಇಂಥವೇ ಬೇಕು.

ಸಂಸಾರದ ವಿಷಯಕ್ಕೆ ಬಂದರೆ ಚರ್ಚೆಗೆ ಎಡೆಯಿಲ್ಲದೆ ವಿವೇಕ ಶಾನಭಾಗ. ‘ಘಾಚರ್ ಘೋಚರ್’ (2013) ನೂರು ಪುಟದ ಆಸುಪಾಸಿನ ನೀಳ್ಗತೆ, ಎರಡು ದಿನದ ಲೋಕಲ್ ಪ್ರಯಾಣಕ್ಕೆ ಮುಗಿಯುತ್ತದೆ. ಇಕ್ಕಟ್ಟಿನ ಮನೆ, ಇರುವೆಗಳ ಕಾಟ, ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಏಕಾಏಕಿ ಬಂದ ದುಡ್ಡು. ದುಡ್ಡು ಬಂದ ಮನೆಯಲ್ಲಿ ಯಾರು ಯಾರನ್ನು ಕಾಯುತ್ತಾರೆ, ಯಾರು ಏನನ್ನು ನೋಡದ ಹಾಗೆ ಇರುತ್ತಾರೆ ಎಂಬುದನ್ನು ಒಂದು ಮಾತೂ ಎತ್ತರಿಸದೆ ಹೇಳುತ್ತದೆ. ಬೇಗ ಓದುವವರು ಕೊನೆಯ ನಾಲ್ಕು ಪುಟದಲ್ಲಿ ಎಡವುತ್ತಾರೆ, ಏನಾಯಿತು ಎಂಬುದೇ ತಪ್ಪಿಹೋಗುತ್ತದೆ. ಮುಗಿದ ಕೂಡಲೇ ಮತ್ತೆ ಮೊದಲ ಅಧ್ಯಾಯಕ್ಕೆ ಹೋಗಿ. ಕಾಫಿ ಹೌಸಿನಲ್ಲಿ ಕೂತ ನಿರೂಪಕ ಎದ್ದು ಮನೆಗೆ ಹೋಗದೆ ಯಾಕೆ ಅಷ್ಟು ಮಾತಾಡುತ್ತಿದ್ದಾನೆ ಎಂಬುದು ಆಗ ಹೊಳೆಯುತ್ತದೆ.

ಅವರದೇ ‘ಸಕೀನಾಳ ಮುತ್ತು’ (2021) ಇನ್ನೂ ಜಾಣ, ಇನ್ನೂ ಕಿರಿಕಿರಿಯ ಪುಸ್ತಕ. ಮಗಳನ್ನು ಹುಡುಕಿಕೊಂಡು ಇಬ್ಬರು ಹುಡುಗರು ಬಾಗಿಲಿಗೆ ಬರುತ್ತಾರೆ. ಅಪ್ಪ ಕಥೆ ಹೇಳುತ್ತ ಹೋಗುತ್ತಾನೆ. ಆ ಅಪ್ಪ ಹೇಳಿದ್ದನ್ನೆಲ್ಲ ನಂಬಿದರೆ ಕಾದಂಬರಿ ಕೈತಪ್ಪಿತು. ಹೆಂಡತಿ, ಮಗಳು ಅವನಿಗೆ ತಿರುಗಿ ಹೇಳುವ ಪುಟ್ಟ ಮಾತುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯುತ್ತ ಬನ್ನಿ, ಇನ್ನೊಂದು ಕಥೆ ಕಾಣುತ್ತದೆ. ಗುಂಪಿನಲ್ಲಿ ಇಬ್ಬರಾದರೂ “ಕೊನೆಗೂ ಏನಾಯ್ತು ಅಂತ ಹೇಳಲೇ ಇಲ್ಲವಲ್ಲ” ಎಂದು ಸಿಟ್ಟಾಗುತ್ತಾರೆ. ಅವರನ್ನೇ ಮೊದಲು ಮಾತಾಡಿಸಿ. ಎಲ್ಲವನ್ನೂ ತಿಳಿದುಕೊಳ್ಳುವ ಹಕ್ಕು ಅಪ್ಪನಿಗಿದೆ ಎಂದು ಅವರೂ ಅಂದುಕೊಂಡಿದ್ದರೆ, ಚರ್ಚೆ ಅಲ್ಲಿಂದಲೇ ಹತ್ತಿಕೊಳ್ಳುತ್ತದೆ.

ಕಚೇರಿ, ಆಸ್ಪತ್ರೆಯಂಥ ಇಂದಿನ ದುಡಿಮೆಯ ಜಾಗಗಳ ಬಗ್ಗೆ ಕನ್ನಡ ಕಾದಂಬರಿ ಬಹಳ ಕಾಲ ಬಾಯಿ ಬಿಟ್ಟಿರಲಿಲ್ಲ. ಈಗ ಎರಡು ಹೆಸರು ಖಂಡಿತ ಹೇಳಬಹುದು. ಎಂ.ಆರ್. ದತ್ತಾತ್ರಿಯವರ ‘ಒಂದೊಂದು ತಲೆಗೂ ಒಂದೊಂದು ಬೆಲೆ’ ಕಂಪನಿಯಲ್ಲಿ ನೌಕರರನ್ನು ತೆಗೆದುಹಾಕುವ ಪ್ರಕ್ರಿಯೆಯನ್ನು ಒಳಗಿನಿಂದ ತೋರಿಸುತ್ತದೆ. ಐಟಿಯಲ್ಲಿರುವ ಸದಸ್ಯರಿದ್ದರೆ ಅವರ ಬಾಯಲ್ಲಿ ನೂರು ಉದಾಹರಣೆ ಸಿಗುತ್ತವೆ. ಅಮೆರಿಕದಲ್ಲಿ ವೈದ್ಯರಾಗಿರುವ ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ (2017) ಮಿನ್ನೆಸೋಟಾದ ಆಸ್ಪತ್ರೆಯೊಂದರಲ್ಲಿ ನಡೆಯುತ್ತದೆ: ವಲಸೆ ಬಂದ ಗರ್ಭಿಣಿಯರು ಸಿಸೇರಿಯನ್ ಬೇಡ ಎನ್ನುತ್ತಾರೆ, ವೈದ್ಯರೂ ವಲಸಿಗರೇ. ಹೆಸರು ನೋಡಿ ಇದು ಇಂಥ ಪಕ್ಷದ ಪುಸ್ತಕ ಎಂದು ಊಹಿಸುವವರ ಊಹೆ ತಲೆಕೆಳಗಾಗುತ್ತದೆ. ಕರಣಂ ಪವನ್ ಪ್ರಸಾದರ ‘ಕರ್ಮ’ವನ್ನೂ ಇದೇ ಸಾಲಿಗೆ ಸೇರಿಸುತ್ತೇನೆ, ಅಪ್ಪನ ಉತ್ತರಕ್ರಿಯೆಗೆ ಊರಿಗೆ ಬಂದ ನಗರದ ಮಗನ ಕಥೆ, ಚಿಕ್ಕದು, ಬಿಗಿಯಾದದ್ದು.

ಮುಂಬಯಿಯ ಮೇಲಿನ ಹೊಸ ಕಾದಂಬರಿ ಯಾವುದು ಎಂದು ಗುಂಪಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಚಿತ್ತಾಲರ ‘ಶಿಕಾರಿ’ (1979), 1986ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ವ್ಯಾಸರಾಯ ಬಲ್ಲಾಳರ ‘ಬಂಡಾಯ’, ಇವುಗಳ ಎತ್ತರಕ್ಕೆ ನಿಲ್ಲುವ ಹೊಸದನ್ನು ನಾನು ತೋರಿಸಲಾರೆ. ಈ ನಗರ ಈಚೆಗೆ ಕನ್ನಡಕ್ಕೆ ಸಿಕ್ಕಿರುವುದು ಸಣ್ಣಕಥೆಯಲ್ಲಿ, ಜಯಂತ ಕಾಯ್ಕಿಣಿಯವರಲ್ಲಿ. ಅವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಬಹುಮಾನ ಬಂತು. ಬಾನು ಮುಷ್ತಾಕರಿಗೆ 2025ರ ಅಂತರರಾಷ್ಟ್ರೀಯ ಬೂಕರ್ ತಂದದ್ದೂ ಕಥೆಗಳೇ. ಕಾದಂಬರಿಯೇ ಆಗಬೇಕು ಎಂಬ ಹಟ ವರ್ಷಕ್ಕೆರಡು ತಿಂಗಳು ಸಡಿಲಿಸಿ.

ಕೊಳ್ಳುವಾಗ ನೋಡಬೇಕಾದ್ದು. ಮುನ್ನುಡಿಯನ್ನು ಕೊನೆಗೆ ಓದಿ. ನಮ್ಮಲ್ಲಿ ಹಿರಿಯ ವಿಮರ್ಶಕರಿಂದ ಬರೆಸಿದ ಮುನ್ನುಡಿ ಅನೇಕ ಸಲ ಇಡೀ ಕಥೆಯನ್ನು, ಅಂತ್ಯವನ್ನೂ ಸೇರಿಸಿ, ಹೇಳಿಬಿಡುತ್ತದೆ. ಬೆನ್ನುಡಿಯ ಹೊಗಳಿಕೆಗೆ ಬೆಲೆ ಕಟ್ಟಬೇಡಿ. ಮುದ್ರಣ ವಿವರದ ಪುಟದಲ್ಲಿ ಎಷ್ಟನೇ ಮುದ್ರಣ ಎಂಬುದರ ಜತೆ ಎಷ್ಟು ಪ್ರತಿ ಎಂಬುದೂ ಇದ್ದರೆ ನೋಡಿ. ಐನೂರು ಪ್ರತಿಯ ನಾಲ್ಕು ಮುದ್ರಣ ಎಂದರೆ ಒಟ್ಟು ಎರಡೇ ಸಾವಿರ. ಆಮೇಲೆ ಮೊದಲ ಐದು ಪುಟ, ನಡುವೆ ಎಲ್ಲಾದರೂ ಸಂಭಾಷಣೆ ಇರುವ ಎರಡು ಪುಟ ಓದಿ. ಎಲ್ಲ ಪಾತ್ರಗಳೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದರೆ, ಹದಿನಾರನೇ ಶತಮಾನದ ಮನುಷ್ಯ ಇಂದಿನ ಸಂಪಾದಕೀಯದ ಭಾಷೆ ಆಡುತ್ತಿದ್ದರೆ, ಕೆಳಗಿಡಿ. ಎಂಟು ಪ್ರತಿಯನ್ನು ಒಂದೇ ವಿಳಾಸಕ್ಕೆ ಪ್ರಕಾಶಕರಿಂದಲೇ ತರಿಸಿದರೆ ಸಾಗಣೆ ಖರ್ಚು ಹಂಚಿಹೋಗುತ್ತದೆ, ರಿಯಾಯಿತಿಯನ್ನೂ ಕೇಳಬಹುದು. ‘ಬಂಡಾಯ’ದಂಥ ಹಳೆಯ ಪುಸ್ತಕಕ್ಕೆ ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘದವರನ್ನು ವಿಚಾರಿಸಿ ನೋಡಿ. ಮೈಲ್ಯಾಂಗ್ ಆ್ಯಪಿನಲ್ಲಿ ಇ-ಪುಸ್ತಕವಾಗಿ ಸಿಕ್ಕರೆ ನಿಂತುಕೊಂಡೂ ಓದಬಹುದು, ಅಕ್ಷರವನ್ನೂ ದೊಡ್ಡದು ಮಾಡಿಕೊಳ್ಳಬಹುದು.

ಗುಂಪು ನಡೆಸುವುದು. ಒಂದು ತಿಂಗಳಿಗೆ 250–300 ಪುಟ, ಅದಕ್ಕಿಂತ ದಪ್ಪದ್ದಕ್ಕೆ ಎರಡು ತಿಂಗಳು. ಮೊದಲೆರಡು ತಿಂಗಳು ಶಾನಭಾಗರ ಎರಡು ಪುಸ್ತಕ, ಮೂರನೆಯದಕ್ಕೆ ‘ಕರಿಸಿರಿಯಾನ’, ಆಮೇಲೆ ಎರಡು ತಿಂಗಳು ‘ತೇಜೋ ತುಂಗಭದ್ರಾ’. ದಪ್ಪದ್ದರಿಂದ ಶುರು ಮಾಡಿದ ಗುಂಪು ಮೂರನೇ ತಿಂಗಳಿಗೆ ಚಹಾ ಕೂಟವಾಗುತ್ತದೆ. ಸಭೆಯಲ್ಲಿ ಕಥಾಸಾರ ಹೇಳುವುದಕ್ಕೆ ನಿಷೇಧ ಹಾಕಿ, ಇಲ್ಲದಿದ್ದರೆ ಓದದೆ ಬಂದವರಿಗೆ ಅದೇ ಸಾಕಾಗಿ ಮುಂದಿನ ತಿಂಗಳೂ ಓದುವುದಿಲ್ಲ. ಪ್ರತಿಯೊಬ್ಬರೂ ತಾವು ಆರಿಸಿದ ಅರ್ಧ ಪುಟವನ್ನು ಗಟ್ಟಿಯಾಗಿ ಓದಿ, ಅದನ್ನೇ ಆರಿಸಿದ್ದು ಯಾಕೆ ಎಂದು ಎರಡು ನಿಮಿಷ ಹೇಳಲಿ. ಎಂಟು ಜನಕ್ಕೆ ಅರ್ಧ ಗಂಟೆಯಾಯಿತು. ಎಲ್ಲಿ ಬೇಸರ ಬಂತು ಎಂದು ಪುಟಸಂಖ್ಯೆ ಸಹಿತ ಹೇಳುವುದು ಆಮೇಲೆ. ಐದು ಜನ ಒಂದೇ ಜಾಗ ತೋರಿಸಿದರೆ ತಪ್ಪು ಪುಸ್ತಕದ್ದು. ಭೈರಪ್ಪನವರ ಸರದಿ ಬಂದಾಗ ಮಾತು ಲೇಖಕರ ರಾಜಕೀಯಕ್ಕೆ ಜಾರುವುದು ಖಚಿತ. ಪುಸ್ತಕ ತೆರೆದು ಸಾಲು ತೋರಿಸದೆ ಮಾತಾಡುವಂತಿಲ್ಲ ಎಂಬ ಒಂದು ನಿಯಮ ಇದ್ದರೆ ಗಲಾಟೆ ಅರ್ಧಕ್ಕಿಳಿಯುತ್ತದೆ.

ಇನ್ನು ಮಗಳು. ಮಾತು ಬಂದು ಓದು ನಿಧಾನವಿರುವವರಿಗೆ ತೊಡಕು ಎರಡೇ ಕಡೆ: ಒತ್ತಕ್ಷರ, ಮತ್ತು ಸಂಧಿ ಕೂಡಿ ಉದ್ದವಾದ ಗ್ರಾಂಥಿಕ ಪದ. ಆದ್ದರಿಂದ ಚರಿತ್ರೆಯೂ ಬೇಡ, ಆಡುಮಾತು ದಟ್ಟವಾಗಿರುವುದೂ ಬೇಡ. ‘ಘಾಚರ್ ಘೋಚರ್’ ಕೊಡಿ, ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದವನ್ನೂ ಜತೆಗಿಡಿ. ಕ್ರಮ ಮುಖ್ಯ: ಒಂದು ಅಧ್ಯಾಯ ಕನ್ನಡದಲ್ಲಿ ಮುಗಿದ ಮೇಲೆಯೇ ಅದೇ ಅಧ್ಯಾಯ ಇಂಗ್ಲಿಷಿನಲ್ಲಿ. ಮೊದಲು ಇಂಗ್ಲಿಷ್ ಓದಿದರೆ ಕನ್ನಡದ ಮೇಲೆ ಕಣ್ಣು ಬರೀ ಹಾದುಹೋಗುತ್ತದೆ. ದಿನಕ್ಕೆ ಆರೇಳು ಪುಟ ಸಾಕು, ಅದರಲ್ಲಿ ಒಂದು ಪುಟ ನಿಮ್ಮೆದುರು ಗಟ್ಟಿಯಾಗಿ. ಗೊತ್ತಿಲ್ಲದ ಪದಕ್ಕೆಲ್ಲ ನಿಘಂಟು ತೆಗೆಯುವುದು ಬೇಡ, ಪುಟಕ್ಕೆ ಎರಡರ ಅರ್ಥ ಕೇಳಲಿ, ಉಳಿದದ್ದು ಸಂದರ್ಭದಿಂದ ತಿಳಿಯಲಿ. ಹದಿನೈದಿಪ್ಪತ್ತು ದಿನಕ್ಕೆ ಮುಗಿಯುತ್ತದೆ. ಆಮೇಲೆ ಅನುವಾದದ ಆಸರೆ ತೆಗೆದು ತೇಜಸ್ವಿಯವರ ‘ಜುಗಾರಿ ಕ್ರಾಸ್’ ಕೊಡಿ. 1994ರದ್ದಾದರೂ ಓಟದಲ್ಲಿ ಈಗಿನವರು ಅದನ್ನು ಹಿಂದಿಕ್ಕಿಲ್ಲ. ಅವಳು ಅದನ್ನು ಮುಗಿಸುವ ಮೊದಲು ಅಂತ್ಯ ಹೇಳಿಬಿಡಬೇಡಿ.